ಊದಿ, ಇನ್ನೂ ಊದಿ

ನಮ್ಮ ಓಣಿಗೆ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದವರು ಪೊಲೀಸರು ಮಾತ್ರ. ಅವರೂ ಬೇಕಾದವನು ಸಿಕ್ಕ ಮೇಲೆ ಉಳಿದವರ ಮುಖ ನೋಡುತ್ತಿರಲಿಲ್ಲ. ಆಮೇಲೆ ಉಸಿರಿನ ಅಧ್ಯಯನದವರು ಬಂದರು. ಅವರಿಗೆ ನಾವೆಲ್ಲರೂ ಬೇಕಾಗಿದ್ದೆವು.

ಬಿಳಿ ಜೀಪು ಓಣಿಯೊಳಗೆ ಬರಲಿಲ್ಲ. ಬಾಯಲ್ಲೇ ನಿಂತಿತು. ಡಾಕ್ಟರಮ್ಮ ಇಳಿದು, ಪ್ಯಾಂಟಿನ ಅಂಚು ಎತ್ತಿ ಹಿಡಿದು ಚರಂಡಿ ದಾಟಿ, ನಲ್ಲಿಕಟ್ಟೆ ಹತ್ತಿ ನಿಂತು ಮಾತಾಡಿದರು. ಒಳ್ಳೆ ದನಿ. ಸಿಟ್ಟಿಲ್ಲದ ದನಿ. ಅಂಥ ದನಿ ನಮ್ಮ ಓಣಿಯಲ್ಲಿ ಕೇಳಿ ರೂಢಿಯಿರಲಿಲ್ಲ.

"ಇಷ್ಟು ದಿನ ಇಂಥ ಅಧ್ಯಯನಗಳಲ್ಲಿ ಊರಿನ ಅನುಕೂಲಸ್ಥರೇ ಇರ್ತಿದ್ರು. ನಿಮ್ಮಂಥವರನ್ನ ಯಾರೂ ಸೇರಿಸ್ಕೊಂಡಿಲ್ಲ. ಅದು ಅನ್ಯಾಯ. ಎಲ್ಲ ಬಗೆಯ ಜನ ಇರಬೇಕು. ನೀವಿಲ್ಲದೆ ವಿಜ್ಞಾನ ಅಪೂರ್ಣ."

ಅತ್ತೆಗೆ ಕಿವಿ ಸ್ವಲ್ಪ ಮಂದ. ಕಾರ್ಖಾನೆಯ ಮಿಷನ್ನಿನ ಸದ್ದಿಗೆ ಹಾಗಾಗಿತ್ತು. "ಏನಂದ್ಲೇ?" ಎಂದು ನನ್ನ ಕೇಳಿದಳು.

"ನಾವಿಲ್ದೆ ಅವರಿಗೆ ನಡೆಯೋದೇ ಇಲ್ವಂತೆ."

"ಮೇಸ್ತ್ರಿನೂ ಹಾಗೇ ಅಂತಾನೆ. ಎರಡು ದಿನ ಮಲಗಿದ್ರೆ ಹೊರಗೆ ಹಾಕ್ತಾನೆ."

ಅತ್ತೆ ಅಂದರೆ ನನ್ನ ಗಂಡನ ತಾಯಿ. ಗಂಡ ಇನ್ನೊಬ್ಬಳ ಹಿಂದೆ ಹೋದ. ಅವನ ತಾಯಿ ಹೋಗಲಿಲ್ಲ. "ಅವನು ಹೋದ್ರೆ ಹೋಗ್ಲಿ, ಹೊಸಬಳಿಗೆ ನನ್ನ ಗೊರಕೆ ಹಿಡಿಸಲ್ಲ" ಎಂದು ನನ್ನ ಜೊತೆಯೇ ಉಳಿದಳು. ಒಂದೇ ಕೋಣೆ. ಒಂದೇ ಕಾರ್ಖಾನೆ. ಅವಳು ಮಿಷನ್ನಿನ ಬಾಯಲ್ಲಿ, ನಾನು ಗುಂಡಿ ಕೀಳುವ ಸಾಲಿನಲ್ಲಿ.

ನಮ್ಮದು ಹಳೇ ಬಟ್ಟೆ ಹರಿಯುವ ಕಾರ್ಖಾನೆ. ಬೇರೆಯವರು ಉಟ್ಟು ಬಿಟ್ಟ ಬಟ್ಟೆ ಮೂಟೆಗಟ್ಟಲೆ ಬರುತ್ತದೆ. ನಾವು ಗುಂಡಿ, ಕೊಕ್ಕೆ, ಜಿಪ್ಪು ಕೀಳಬೇಕು. ಕುಯ್ದು ಕುಯ್ದು ನನ್ನ ಹೆಬ್ಬೆರಳ ಉಗುರು ಎರಡಾಗಿ ಸೀಳಿ ಹಾಗೇ ಬೆಳೆದಿದೆ. ಓಣಿಯಲ್ಲಿ ನನ್ನ ಹೆಸರೇ ಗುಂಡಿ. ಕಿತ್ತ ಬಟ್ಟೆಯನ್ನು ಮಿಷನ್ನಿಗೆ ಉಣಿಸಬೇಕು. ಅದು ಹಲ್ಲಿನಿಂದ ಹರಿದು ಹತ್ತಿಯಂತೆ ಉಗುಳುತ್ತದೆ. ಆ ಹತ್ತಿಯನ್ನು ಹಾಸಿಗೆಗೆ, ದಿಂಬಿಗೆ ತುಂಬುತ್ತಾರೆ. ಉಳಿದದ್ದು ಗಾಳಿಯಲ್ಲಿ ಇರುತ್ತದೆ. ಗಾಳಿಯಲ್ಲಿ ಇದ್ದದ್ದು ನಮ್ಮೊಳಗೆ ಬರುತ್ತದೆ. ಕೆಂಪು ಸ್ವೆಟರ್ ಬಂದ ವಾರ ನಾವು ಕೆಂಪು ಉಗುಳುತ್ತಿದ್ದೆವು. ಪೊಲೀಸು ಬಟ್ಟೆ ಬಂದ ವಾರ ಖಾಕಿ. ಮದುವೆ ಬಟ್ಟೆ ಬಂದರೆ ಜರಿ ಜರಿ. ಅತ್ತೆ ಉಗುಳಿ, ನೋಡಿ, "ಇವತ್ತು ಭಾರೀ ಶ್ರೀಮಂತರ ಮನೇದು" ಅನ್ನುತ್ತಿದ್ದಳು.

ಓಣಿಯಲ್ಲಿ ಬೇರೆ ಬೇರೆ ಕಡೆಯಿಂದ ಬಂದವರಿದ್ದೆವು. ಬೇರೆ ಬೇರೆ ಮಾತು, ಬೇರೆ ಬೇರೆ ದೇವರು. ಎಲ್ಲರನ್ನೂ ಒಂದೇ ಚರಂಡಿಯ ಪಕ್ಕ ಇರಿಸಿದ್ದರು. ಡಾಕ್ಟರಮ್ಮನಿಗೆ ಅದು ಬಹಳ ಹಿಡಿಸಿತು. "ಎಷ್ಟು ವೈವಿಧ್ಯ!" ಎಂದು ಜೊತೆಗೆ ಬಂದವರಿಗೆ ಹೇಳಿದರು. ಮನೆ ಬಾಡಿಗೆಗೆ ಕೇಳಲು ಹೋದಾಗ ನಮ್ಮಲ್ಲಿ ಇದ್ದದ್ದೂ ಅದೇ. ಆಗ ಅದಕ್ಕೆ ಬೇರೆ ಹೆಸರಿತ್ತು.

ನಾವು ಹೆಬ್ಬೆಟ್ಟು ಒತ್ತಿದೆವು. ಒತ್ತುವ ಮುಂಚೆ ಒಬ್ಬಳು ಓದಿ ಹೇಳಿದಳು. "ನಿಮಗೆ ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು." ಜಿಪ್ಪಕ್ಕ ಅದನ್ನು ಇನ್ನೊಂದು ಸಲ ಓದಿಸಿದಳು. ಜಿಪ್ಪಕ್ಕ ನನ್ನ ಸಾಲಿನವಳು. ಜಿಪ್ಪು ಕೀಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. "ಬಿಟ್ಟು ಹೋಗಬಹುದು ಅಂತ ನಮಗೆ ಯಾರೂ ಹೇಳೇ ಇಲ್ಲ ಕಣೇ. ಅಪ್ಪನೂ ಹೇಳ್ಲಿಲ್ಲ, ಗಂಡನೂ ಹೇಳ್ಲಿಲ್ಲ" ಎಂದಳು. ಕೇಳಿಸಿಕೊಳ್ಳುವುದಕ್ಕೇ ಚೆನ್ನಾಗಿತ್ತು.

ಮಾಲೀಕನ ಕಚೇರಿಯ ಮೇಲಿನ ಕೋಣೆಯನ್ನು ಅಧ್ಯಯನಕ್ಕೆ ಕೊಟ್ಟಿದ್ದರು. ಮುಂದಿನ ಮೆಟ್ಟಿಲು ನಮಗಲ್ಲ. ಹಿಂದಿನ ಕಬ್ಬಿಣದ ಮೆಟ್ಟಿಲು. ನಮ್ಮ ತಲೆಯಿಂದ, ಬಟ್ಟೆಯಿಂದ ನಾರು ಉದುರುತ್ತದೆ ಎಂದು ಕುರ್ಚಿಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು. ಒಬ್ಬರು ಎದ್ದ ಮೇಲೆ ಹಾಳೆ ಬದಲಾಯಿಸುತ್ತಿದ್ದರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ನೀವು ನಮ್ಮ ಕುಟುಂಬ. ಅತ್ತೆಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. ಅವಳು ತಾನು ಕೂತ ಹಾಳೆಯನ್ನು ಚರಚರ ಎನ್ನಿಸಿ, "ಹೌದು, ನನ್ನ ತಂಗಿ ಮನೆಯಲ್ಲೂ ನನ್ನ ಹೀಗೇ ಕೂರಿಸ್ತಾರೆ" ಎಂದಳು.

ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಊದಬೇಕು. ಅಲ್ಲೊಬ್ಬ ಹುಡುಗ. ಮೂಗು ಹಿಡಿಯುವ ಕ್ಲಿಪ್ಪು ಹಾಕಿ ಬಾಯಿಗೆ ಕೊಳವೆ ಇಟ್ಟು, "ಊದಿ ಊದಿ ಊದಿ, ಇನ್ನೂ ಊದಿ, ಬಿಡಬೇಡಿ, ಊದಿ!" ಎಂದು ಮೈಮೇಲೆ ಬಂದವನ ಹಾಗೆ ಕೂಗುತ್ತಿದ್ದ. ಓಣಿಯವರು ಅವನಿಗೆ ಊದಪ್ಪ ಎಂದು ಹೆಸರಿಟ್ಟರು. ಊದಿ ಊದಿ ಕಣ್ಣು ಕತ್ತಲೆ ಬರುತ್ತಿತ್ತು. ಜಿಪ್ಪಕ್ಕ ಒಂದು ಸಲ ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು.  ಹಾಳೆ ಬದಲಾಯಿಸಿದರು. 

ಊದಿದ್ದೆಲ್ಲ ಒಂದು ಪರದೆಯ ಮೇಲೆ ಬರುತ್ತಿತ್ತು. ಪರದೆ ಊದಪ್ಪನ ಕಡೆಗಿತ್ತು. ನಮಗೆ ಅದರ ಬೆನ್ನು ಕಾಣುತ್ತಿತ್ತು.

"ಎಷ್ಟು ಬಂತು?" ಎಂದು ಕೇಳಿದರೆ, "ಚೆನ್ನಾಗಿ ಊದಿದ್ರಿ" ಎನ್ನುತ್ತಿದ್ದ. ಎಲ್ಲರಿಗೂ ಅದೇ. ಹೋಗುವಾಗ ಟೀ, ಬಿಸ್ಕತ್ತು, ಒಂದು ಚೀಟಿ. ಚೀಟಿಯಲ್ಲಿ 'ತೊಂದರೆ ಇದ್ದರೆ ವೈದ್ಯರನ್ನು ಕಾಣಿ' ಎಂದು ಅಚ್ಚಾಗಿತ್ತು. ಅದೂ ಎಲ್ಲರಿಗೂ ಒಂದೇ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಗೂ, ಮೆಟ್ಟಿಲು ಹತ್ತಲು ಆಗದೆ ನಡುವೆ ಕೂರುತ್ತಿದ್ದ ಅತ್ತೆಗೂ.

ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಜನ ಸೋತರು. ಊದಲು ಹೋದ ದಿನ ಮೇಸ್ತ್ರಿ ಅರ್ಧ ಹಾಜರಿ ಹಾಕುತ್ತಿದ್ದ. ಊದಿದ್ದರಿಂದ ಯಾರ ಕೆಮ್ಮೂ ನಿಂತಿರಲಿಲ್ಲ. ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟರು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಅಂದಿದ್ದರಲ್ಲ.

ಬಿಟ್ಟ ಮೇಲೆ ಗೊತ್ತಾಯಿತು, ಹಾಗೆ ಬಿಡುವವರಲ್ಲ ಅವರು. ಓಣಿಯವರನ್ನು ಹಿಡಿದಿಟ್ಟುಕೊಳ್ಳುವುದಕ್ಕೆಂದೇ ಒಬ್ಬ ಹುಡುಗಿಯನ್ನು ಕೆಲಸಕ್ಕೆ ಇಟ್ಟರು. ಓದಿದ ಹುಡುಗಿ. ತೆಳ್ಳಗೆ, ನಗುಮುಖ. ದಿನವಿಡೀ ಫೋನು. ನಾವು ಅವಳನ್ನು ಫೋನ್ ತಂಗಿ ಅಂದೆವು. ಮನೆ ಬದಲಾಯಿಸಿದರೆ ಹೊಸ ಮನೆ ಹುಡುಕಿಕೊಂಡು ಬರುತ್ತಿದ್ದಳು. ಫೋನು ಎತ್ತದಿದ್ದರೆ ಪಕ್ಕದ ಮನೆಗೆ ಮಾಡುತ್ತಿದ್ದಳು. ಗಂಡ ಹೊಡೆದು ತವರಿಗೆ ಓಡಿದವಳನ್ನು ಅವಳ ಅಣ್ಣಂದಿರಿಗಿಂತ ಮೊದಲು ಫೋನ್ ತಂಗಿ ಪತ್ತೆ ಹಚ್ಚಿದಳು. ಒಂದು ಬೆಳಿಗ್ಗೆ ಓಣಿಯ ಕೊನೆಯ ಮನೆಯಲ್ಲಿ ಹೆರಿಗೆ ಕಷ್ಟವಾಗಿ ಆಂಬುಲೆನ್ಸಿಗೆ ಫೋನು ಮಾಡಿದರು. ದಾರಿ ಸಿಗಲಿಲ್ಲ ಎಂದು ಅದು ಬರಲೇ ಇಲ್ಲ. ಅಧ್ಯಯನದ ಜೀಪು ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಊದಬೇಕಾದವರನ್ನು ಹತ್ತಿಸಿಕೊಂಡು ಹೋಯಿತು.

ಹುಟ್ಟಿದ ದಿನಕ್ಕೂ ಫೋನು ಬರುತ್ತಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಹುಟ್ಟಿದ ದಿನ ಗೊತ್ತಿಲ್ಲ. ಗೊತ್ತಿಲ್ಲದವರಿಗೆಲ್ಲ ಕಂಪ್ಯೂಟರು ಜನವರಿ ಒಂದನೇ ತಾರೀಖು ಕೊಟ್ಟಿತ್ತು. ಅವತ್ತು ಫೋನ್ ತಂಗಿ ಬೆಳಿಗ್ಗೆಯಿಂದ ಅರ್ಧ ಓಣಿಗೆ ಹಾಡಿ ಹಾಡಿ, ಸಂಜೆ ಹೊತ್ತಿಗೆ ಗಂಟಲು ಕಟ್ಟಿ ಕರಕರ ಅನ್ನುತ್ತಿದ್ದಳು. ಅತ್ತೆ ತನ್ನ ಸರದಿಗೆ ಕಾಯುತ್ತಿದ್ದಳು. ಹಾಡು ಮುಗಿದ ಮೇಲೆ, "ಸಾಕು ಮಗಳೇ, ನೀರು ಕುಡಿ" ಎನ್ನುತ್ತಿದ್ದಳು. ಅವರಿಬ್ಬರಿಗೂ ಹೇಗೋ ಜೊತೆ ಕೂಡಿತ್ತು. ಆ ಹುಡುಗಿಗಾಗಿಯೇ ಅತ್ತೆ ಒಂದು ಸಲವೂ ಊದುವುದನ್ನು ತಪ್ಪಿಸಲಿಲ್ಲ. "ನಾವು ಹೋಗ್ದಿದ್ರೆ ಪಾಪ ಅದಕ್ಕೆ ಬೈತಾರೆ" ಎನ್ನುತ್ತಿದ್ದಳು. ಅವಳು ಹೋದರೆ ನಾನೂ ಹೋಗಬೇಕು. ಮೆಟ್ಟಿಲು ಹತ್ತಿಸುವವರು ಬೇಕಲ್ಲ.

ಒಂದು ವರ್ಷ ಅತ್ತೆ ಊದಿದಾಗ ಊದಪ್ಪ ಕೂಗುವುದನ್ನು ನಿಲ್ಲಿಸಿದ. ಪರದೆ ನೋಡಿದ. ಮತ್ತೆ ಊದಿಸಿದ. ಮತ್ತೆ ನೋಡಿದ.

"ಏನಾಯ್ತಪ್ಪ?" ಅತ್ತೆ ಕೇಳಿದಳು.

"ಏನಿಲ್ಲ ಅಜ್ಜಿ. ಚೆನ್ನಾಗಿ ಊದಿದ್ರಿ."

"ನೀನು ಕೂಗ್ಲಿಲ್ಲ."

"ಗಂಟಲು ಸರಿಯಿಲ್ಲ ಅಜ್ಜಿ."

ನಾನು ಕೇಳಿದೆ. "ನಿಜ ಹೇಳಪ್ಪ. ಹೆಂಗಿದೆ?"

ಅವನು ಬಾಗಿಲ ಕಡೆ ನೋಡಿದ. "ಅಕ್ಕ, ನಾವು ಹೇಳೋ ಹಾಗಿಲ್ಲ. ನಮ್ದು ನೋಡೋದಷ್ಟೇ. ಇದು ಆಸ್ಪತ್ರೆ ಅಲ್ಲ. ಹೇಳಿದ್ರೆ ನೀವು ಏನಾದ್ರೂ ಮಾಡ್ಕೋತೀರಿ. ಆಗ ಅಧ್ಯಯನ ಕೆಡುತ್ತೆ."

"ಏನು ಮಾಡ್ಕೋತೀವಿ?"

"ಔಷಧಿ ತಗೋತೀರಿ. ಕೆಲಸ ಬಿಡ್ತೀರಿ. ಹಂಗೆ."

ಕಬ್ಬಿಣದ ಮೆಟ್ಟಿಲು ಇಳಿಯುವಾಗ ಅತ್ತೆ ನಾಲ್ಕು ಕಡೆ ಕೂತಳು.

ಮಳೆ ಶುರುವಾದ ಮೇಲೆ ಅವಳಿಗೆ ಮಲಗಲು ಆಗಲಿಲ್ಲ. ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಕುತ್ತಿಗೆಯ ಗುಳಿ ಒಳಗೆ ಹೊರಗೆ ಎಳೆಯುತ್ತಿತ್ತು. ಸರ್ಕಾರಿ ಆಸ್ಪತ್ರೆಗೆ ಒಯ್ದೆ. ಅಲ್ಲಿನ ಡಾಕ್ಟರು ವಯಸ್ಸಾದವರು, ಸಿಡುಕರು. ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ಎಕ್ಸ್‌ರೇ ತೆಗೆಸಿದರು. ಆಮೇಲೆ ನನ್ನನ್ನು ಬೈದರು.

"ಈಗ ತಂದಿದ್ದೀಯಲ್ಲಮ್ಮ! ವರ್ಷಗಳ ಹಿಂದೆಯೇ ಇವರನ್ನ ಧೂಳಿಂದ ಬಿಡಿಸಬೇಕಿತ್ತು. ಆಗ ಬಿಡಿಸಿದ್ರೆ ಇಷ್ಟಕ್ಕೆ ಬರ್ತಿರ್ಲಿಲ್ಲ. ಒಂದು ಸಲವಾದ್ರೂ ಉಸಿರು ಪರೀಕ್ಷೆ ಮಾಡಿಸಬಾರ್ದಾ?"

"ಪ್ರತಿ ವರ್ಷ ಮಾಡ್ತಾರೆ ಸಾರ್."

"ಯಾರು?"

"ಅಧ್ಯಯನದವರು."

"ಏನಂದ್ರು?"

"ಚೆನ್ನಾಗಿ ಊದಿದ್ರಿ ಅಂದ್ರು."

ಅವರು ಪೆನ್ನು ಕೆಳಗಿಟ್ಟರು.  ಆಮೇಲೆ ಒಂದು ಗುಳಿಗೆ, ಬಾಯಿಗೆ ಎಳೆದುಕೊಳ್ಳುವ ಒಂದು ಔಷಧಿ ಬರೆದುಕೊಟ್ಟು, "ಧೂಳಿಗೆ ಕಳಿಸಬೇಡ" ಎಂದರು. ಕಳಿಸುವುದಕ್ಕೆ ಏನು ಉಳಿದಿತ್ತು? ಮೇಸ್ತ್ರಿ ಆಗಲೇ ಅವಳ ಜಾಗಕ್ಕೆ ಬೇರೆಯವಳನ್ನು ಹಾಕಿದ್ದ.

ಕಾರ್ಖಾನೆ ಅವಳನ್ನು ಬಿಟ್ಟಿತು. ಅಧ್ಯಯನ ಬಿಡಲಿಲ್ಲ. ಊದುವ ತಿಂಗಳು ಬಂದಾಗ ಫೋನ್ ತಂಗಿ ಫೋನು ಮಾಡಿದಳು. ಅತ್ತೆಗೆ ಏಳಲು ಆಗುವುದಿಲ್ಲ ಎಂದೆ. "ಪರವಾಗಿಲ್ಲ ಅಕ್ಕ, ಬರೋಕಾಗದವರ ಮನೆಗೆ ನಾವೇ ಬರ್ತೀವಿ. ಹೊಸ ವ್ಯವಸ್ಥೆ" ಎಂದಳು. ಊದುವ ಮಿಷನ್ನಿಗೊಂದು ಚಕ್ರದ ಪೆಟ್ಟಿಗೆ ಮಾಡಿಸಿದ್ದರು. ಊದಪ್ಪ ಅದನ್ನು ಓಣಿಯ ಕಲ್ಲಿನ ಮೇಲೆ ಗಡಗಡ ಎಳೆದುಕೊಂಡು ಬಂದ. ನಮ್ಮ ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ನಾನು ಹೊಸ್ತಿಲಲ್ಲಿ ನಿಂತೆ.

ಅತ್ತೆಯ ಮೂಗಿಗೆ ಕ್ಲಿಪ್ಪು ಹಾಕಿದರು. ಬಾಯಿಗೆ ಕೊಳವೆ. ಊದಿದಳು. ಊದಿದ್ದು ಅವಳ ತುಟಿಯ ತನಕ ಬಂತು, ಅಷ್ಟೇ. ಕೆಮ್ಮು ಬಂತು. ಆ ಕೆಮ್ಮಿಗೆ ಕೊನೆಯಿರಲಿಲ್ಲ. ಬೆನ್ನು ನೀವಿದೆ. ಕೈಗೆ ಮೂಳೆ ಮಾತ್ರ ಸಿಗುತ್ತಿತ್ತು.

ಊದಪ್ಪ ತಲೆ ತಗ್ಗಿಸಿ, "ಇದು ಲೆಕ್ಕಕ್ಕೆ ಬರಲ್ಲ ಅಜ್ಜಿ. ಮೂರು ಸಲ ಸರಿಯಾಗಿ ಬರಬೇಕು. ಇನ್ನೊಂದ್ ಸಲ" ಎಂದ.

ಅತ್ತೆ ಕ್ಲಿಪ್ಪು ತೆಗೆದು ಹಾಸಿಗೆಯ ಮೇಲಿಟ್ಟಳು. ಫೋನ್ ತಂಗಿಯನ್ನು ನೋಡಿದಳು.

"ಮಗಳೇ, ಇಷ್ಟು ವರ್ಷ ಊದಿದ್ದೀನಲ್ಲ, ಅದರಲ್ಲಿ ಏನು ಬಂತು? ಹೇಳು. ಹೇಳಿದ್ರೆ ಊದ್ತೀನಿ."

ಫೋನ್ ತಂಗಿ ಅತ್ತೆಯ ಕೈ ಹಿಡಿದಳು. "ಅಜ್ಜಿ, ನಂಗೆ ಹೇಳೋ ಅಧಿಕಾರ ಇಲ್ಲ ಅಜ್ಜಿ."

"ಡಾಕ್ಟರಮ್ಮಂಗೆ ಇದ್ಯಾ?"

"ಅವರೂ ಮಾತು ಕೊಟ್ಟಿದ್ದಾರೆ."

"ಯಾರಿಗೆ?"

 ಅತ್ತೆ ಕೊಳವೆಯನ್ನು ಸೆರಗಿನಿಂದ ಒರೆಸಿ ಊದಪ್ಪನ ಕೈಗೆ ಕೊಟ್ಟಳು.

"ಹಂಗಾದ್ರೆ ಈ ಉಸಿರು ನಂಗೇ ಇರ್ಲಿ. ಸ್ವಲ್ಪನೇ ಇದೆ."

ಸಿಟ್ಟಿನಿಂದ ಅನ್ನಲಿಲ್ಲ. ಸೊಪ್ಪು ಮಾರುವವಳು 'ಇವತ್ತು ಉಳಿದಿಲ್ಲ, ಹೋಗಿಬನ್ನಿ' ಅನ್ನುವ ಹಾಗೆ ಅಂದಳು. ಊದಪ್ಪ ಪೆಟ್ಟಿಗೆ ಮುಚ್ಚಿದ. ಗಡಗಡ ಎಳೆದುಕೊಂಡು ಹೋದ.

ಅತ್ತೆ ಉಳಿಸಿಕೊಂಡ ಉಸಿರು ಹೆಚ್ಚು ದಿನ ಬರಲಿಲ್ಲ. ಒಂದು ಮಧ್ಯಾಹ್ನ, ನಾನು ಗಂಜಿ ಆರಿಸುತ್ತಿದ್ದಾಗ, ಗೋಡೆಗೆ ಒರಗಿದ್ದವಳು ಹಾಗೇ ಪಕ್ಕಕ್ಕೆ ಜಾರಿದಳು. ಮಗ ಬಂದ. ಅತ್ತ. ಹೋದ. ಓಣಿಯವರು ಹೊತ್ತರು. ಮೇಸ್ತ್ರಿ ಹೊರುವವರಿಗೆ ಮಾತ್ರ ರಜಾ ಕೊಟ್ಟ.

ಒಂದು ವಾರದ ಮೇಲೆ ಫೋನ್ ತಂಗಿ ಬಂದಳು. ಹೊಸ್ತಿಲಲ್ಲಿ ಕೂತು ಅತ್ತಳು. ನಿಜವಾದ ಅಳು. ಅತ್ತು ಮುಗಿಸಿ ಕೈಚೀಲದಿಂದ ಟ್ಯಾಬು ತೆಗೆದಳು.

"ಅಕ್ಕ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಪ್ರಶ್ನೆ ಇದೆ. ಕೇಳಲೇಬೇಕು."

"ಕೇಳು."

"ಅಜ್ಜಿಗೆ ಕೆಮ್ಮು ಎಷ್ಟು ದಿನದಿಂದ ಇತ್ತು?"

"ನೀನು ಬರೋದಕ್ಕಿಂತ ಮುಂಚಿಂದ."

"ಮೆಟ್ಟಿಲು ಹತ್ತೋಕೆ ಕಷ್ಟ ಆಗ್ತಿತ್ತಾ?"

"ನಿಮ್ಮ ಮೆಟ್ಟಿಲೇ ಅಲ್ವಾ ಹತ್ತುತಾ ಇದ್ದಿದ್ದು? ನೋಡ್ಲಿಲ್ವಾ?"

ಅವಳು ಒಂದು ಗುರುತು ಒತ್ತಿದಳು.

"ತಂಗೀ, ಇದನ್ನೆಲ್ಲ ಅವಳು ಬದುಕಿದ್ದಾಗ ಯಾಕೆ ಕೇಳ್ಲಿಲ್ಲ?"

"ಈ ಪ್ರಶ್ನೆಗಳು ಸತ್ತ ಮೇಲಿನವು ಅಕ್ಕ."

ತಾನು ಏನಂದೆ ಎಂದು ಅವಳಿಗೇ ಆಮೇಲೆ ಕೇಳಿಸಿತು. ಟ್ಯಾಬು ಮಡಿಲಲ್ಲಿಟ್ಟು ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ನೀರು ಕೊಡಲಿಲ್ಲ. ಕೊಡಬೇಕು ಅನ್ನಿಸಲಿಲ್ಲ.

ಅವಳೇ ಹೇಳಿದಳು. "ಮೊದಲನೇ ಸಲ ಊದಿದಾಗಲೇ ಅಜ್ಜಿದು ಕಮ್ಮಿ ಇತ್ತು. ಆಮೇಲೆ ಪ್ರತಿ ಸಲ ಇಳೀತಾ ಬಂತು. ಡಾಕ್ಟರಮ್ಮ ದೊಡ್ಡ ಸಭೆಗಳಲ್ಲಿ ತೋರಿಸ್ತಾರೆ. ಒಂದು ಗೆರೆ, ಮೇಲಿಂದ ಕೆಳಗೆ. ಎಂಥಾ ಚೆಂದದ ಗೆರೆ ನೋಡಿ ಅಂತಾರೆ. ಎಲ್ಲೂ ಚುಕ್ಕೆ ತಪ್ಪಿಲ್ಲ ಅಂತಾರೆ. ಅಜ್ಜಿ ಒಂದು ಸಲವೂ ತಪ್ಪಿಸ್ಲಿಲ್ವಲ್ಲ, ಅದಕ್ಕೆ."

"ಯಾರಿಗೆ ಮಾತು ಕೊಟ್ಟಿದ್ರು?"

"ನಿಮ್ಮ ಮಾಲೀಕರಿಗೆ. ಜಾಗ ಕೊಡ್ತೀನಿ, ಜನ ಕೊಡ್ತೀನಿ, ಕೆಲಸದವರಿಗೆ ಬಿಡಿಬಿಡಿಯಾಗಿ ಏನೂ ಹೇಳಬಾರದು ಅಂದಿದ್ರಂತೆ."

"ನಂದು ಎಷ್ಟಿದೆ?"

"ಅಕ್ಕ, ಬೇಡ."

"ಹೇಳು."

ಅವಳು ಎದ್ದಳು. ಚಪ್ಪಲಿ ಹಾಕಿಕೊಳ್ಳದೆ, ಕೈಯಲ್ಲೇ ಹಿಡಿದುಕೊಂಡು ಓಣಿ ದಾಟಿದಳು.

ಸ್ವಲ್ಪ ದಿನಕ್ಕೆ ನನಗೆ ಕರೆ ಬಂತು. ಮಾಡಿದವಳು ಅವಳಲ್ಲ, ಬೇರೆ ಯಾರೋ. ಅಧ್ಯಯನಕ್ಕೆ ದುಡ್ಡು ಕೊಡುವವರು ದೂರದಿಂದ ಬರುತ್ತಿದ್ದಾರಂತೆ. ಬಡವರು, ಕೂಲಿಯವರು, ನಾನಾ ಕಡೆಯವರು ಇಷ್ಟು ವರ್ಷ ಕೈಬಿಡದೆ ಉಳಿದಿರುವ ಅಧ್ಯಯನ ಇನ್ನೆಲ್ಲೂ ಇಲ್ಲವಂತೆ. ಹೇಗೆ ಉಳಿಸಿಕೊಂಡಿರಿ ಎಂದು ನೋಡಲು ಬರುತ್ತಾರಂತೆ. ಒಂದು ಸಲವೂ ತಪ್ಪಿಸದವರಿಗೆ ಸನ್ಮಾನ. ಅಂಥವರಲ್ಲಿ ಬದುಕಿರುವವಳು ನಾನೊಬ್ಬಳೇ.

"ಹೋಗಲ್ಲ" ಎಂದೆ.

"ಹೋಗು" ಎಂದಳು ಜಿಪ್ಪಕ್ಕ. "ಮೈಕು ಕೊಡ್ತಾರೆ."

ಕಾರ್ಖಾನೆಯ ಗೋದಾಮು ತೊಳೆದಿದ್ದರು. ಅವತ್ತು ಮಿಷನ್ನು ನಿಲ್ಲಿಸಿದ್ದರು. ಅತಿಥಿಗಳ ಉಸಿರಿಗೆ ತೊಂದರೆ ಆಗಬಾರದಲ್ಲ. ವೇದಿಕೆ, ಹೂವು, ಹಿಂದೆ ದೊಡ್ಡ ಬಟ್ಟೆಯ ಮೇಲೆ 'ಜೊತೆಗೆ ಉಳಿದಿದ್ದಕ್ಕೆ ಧನ್ಯವಾದ' ಎಂದು ಬರೆದಿತ್ತು. ನಾವೆಲ್ಲ ಕೆಳಗೆ ಚಾಪೆಯ ಮೇಲೆ. ಮಾಲೀಕನೂ ಮೇಲಿದ್ದ. ಅವನು ನನಗೆ ಒಂದು ದಿಂಬು ಕೊಟ್ಟ. ನಮ್ಮ ಕಾರ್ಖಾನೆಯದೇ. ರಿಬ್ಬನ್ ಕಟ್ಟಿತ್ತು. ಫೋಟೋ ತೆಗೆದರು. ದಿಂಬು ಹಿಡಿದು ನಗಿ ಎಂದರು. ನಾನು ದಿಂಬು ಹಿಡಿದೆ.

"ಈಗ ಈಕೆ ಹೇಗೆ ಊದುತ್ತಾರೆ ನೋಡಿ" ಎಂದರು ಡಾಕ್ಟರಮ್ಮ. ಕುರ್ಚಿ ತಂದರು. ಹೊಸ ಕುರ್ಚಿ. ಊದಪ್ಪ ಮಿಷನ್ನು ಇಟ್ಟ. ಪರದೆಯನ್ನು ಅತಿಥಿಗಳ ಕಡೆ ತಿರುಗಿಸಿದ. ಮೂಗಿಗೆ ಕ್ಲಿಪ್ಪು. ಬಾಯಿಗೆ ಕೊಳವೆ.

"ಊದಿ ಊದಿ ಊದಿ!"

ನಾನು ಊದಲಿಲ್ಲ.

"ಊದಿ ಅಕ್ಕ."

ಕೊಳವೆ ತೆಗೆದೆ. ಕ್ಲಿಪ್ಪಿನಿಂದ ನನ್ನ ದನಿ ಬೇರೆಯವರ ದನಿಯಂತೆ ಬಂತು. "ಪರದೆ ಈ ಕಡೆ ತಿರುಗಿಸಿ."

ಡಾಕ್ಟರಮ್ಮ ನಕ್ಕರು. "ಆಮೇಲೆ ಮಾತಾಡೋಣಮ್ಮ."

"ಆಮೇಲೆ ಅಂದ್ರೆ ಯಾವಾಗ? ಸತ್ತ ಮೇಲಾ? ನನ್ನ ಅತ್ತೆ ಸತ್ತ ಮೇಲೆ ನೀವು ಎಲ್ಲ ಕೇಳಿದ್ರಿ. ಮುಂಚೆ ಏನೂ ಹೇಳ್ಲಿಲ್ಲ. ಅವಳ ಗೆರೆ ಚೆಂದ ಇತ್ತಂತೆ. ನನ್ನ ಗೆರೆ ಎಷ್ಟು ಚೆಂದ ಇದೆ ನಾನೂ ನೋಡ್ಬೇಕು. ತಿರುಗಿಸಿ. ಇಲ್ಲಾಂದ್ರೆ ಊದಲ್ಲ."

ಕುರ್ಚಿಯ ಮುಂದಿಟ್ಟಿದ್ದ ಮೈಕು ಎಲ್ಲವನ್ನೂ ಗೋದಾಮಿನ ತಗಡಿಗೆ ಹೊಡೆದು ವಾಪಸು ತಂದಿತು. ಅತಿಥಿಯೊಬ್ಬ ಪಕ್ಕದವನನ್ನು ಏನೋ ಕೇಳಿದ. ಪಕ್ಕದವನು ಏನೋ ಹೇಳಿದ. ಅತಿಥಿ ನನ್ನ ಕಡೆ ನೋಡಿ ತಲೆದೂಗಿ ಚಪ್ಪಾಳೆ ತಟ್ಟಿದ. ಧನ್ಯವಾದ ಹೇಳುತ್ತಿದ್ದಾಳೆ ಎಂದು ಹೇಳಿರಬೇಕು.

ಆಗ ಗೋಡೆಯ ಬದಿಯಿಂದ ಫೋನ್ ತಂಗಿ ಬಂದಳು. ವೇದಿಕೆ ಹತ್ತಿದಳು.  ಅತಿಥಿಗಳ ಭಾಷೆಯಲ್ಲಿ ಮಾತಾಡಿದಳು. ನಾನು ಅಂದದ್ದನ್ನೇ ಅಂದಳು ಎಂದು ಅವರ ಮುಖ ನೋಡಿ ತಿಳಿಯಿತು. ಚಪ್ಪಾಳೆ ನಿಂತಿತು. ಡಾಕ್ಟರಮ್ಮ ಅವಳ ಹೆಸರು ಹಿಡಿದು ಕರೆದರು. ಅವಳು ತಿರುಗಲಿಲ್ಲ. ಪರದೆಯನ್ನು ಎರಡೂ ಕೈಯಿಂದ ಹಿಡಿದು ನನ್ನ ಕಡೆ ತಿರುಗಿಸಿದಳು.

ನಾನು ಊದಿದೆ. ಊದಪ್ಪ ಕೂಗಲಿಲ್ಲ. ನನ್ನಷ್ಟಕ್ಕೆ ಊದಿದೆ. ಗೆರೆ ಹತ್ತಿತು, ಬೇಗ ಬಗ್ಗಿ ಬಿದ್ದುಹೋಯಿತು.

"ಎಷ್ಟು?"

ಊದಪ್ಪ ಹೇಳಿದ. "ನೂರು ಇರಬೇಕಾದ ಕಡೆ ನಲವತ್ತು ಅಕ್ಕ. ನಲವತ್ತೊಂದು."

ನನಗೆ ಅಳು ಬರಲಿಲ್ಲ. ಒಂಥರಾ ನಾಚಿಕೆ ಬಂತು, ಎಲ್ಲರೆದುರು ಬಟ್ಟೆ ಜಾರಿದ ಹಾಗೆ. ಆಮೇಲೆ ಅದು ನನ್ನ ನಾಚಿಕೆ ಅಲ್ಲ ಅನ್ನಿಸಿತು.

ಕೆಳಗಿನಿಂದ ಜಿಪ್ಪಕ್ಕ ಎದ್ದಳು. "ನಂದೂ ನೋಡು" ಎಂದಳು. ಅವಳ ಹಿಂದೆ ಇನ್ನೊಬ್ಬಳು. ಚಾಪೆಯ ಮೇಲಿದ್ದವರೆಲ್ಲ ಎದ್ದರು. ಅಧ್ಯಯನ ಬಿಟ್ಟುಹೋಗಿದ್ದವರೂ ಎದ್ದರು. ಮುಂದಿನ ಮೆಟ್ಟಿಲಿನಿಂದಲೇ ವೇದಿಕೆ ಹತ್ತಿದರು. ಮಾಲೀಕ "ಲೈಟ್ ಆರಿಸ್ರೋ" ಎಂದ. ಊದುವ ಮಿಷನ್ನಿನಲ್ಲಿ ಬ್ಯಾಟರಿ ಇತ್ತು. ಒಬ್ಬೊಬ್ಬಳೂ ಊದಿದಳು. ಊದಪ್ಪ ಒಬ್ಬೊಬ್ಬಳಿಗೂ ಹೇಳಿದ. ಹೇಳಿ ಹೇಳಿ ಅವನ ಮುಖ ಇಷ್ಟೇ ಇಷ್ಟಾಯಿತು. ಅತಿಥಿಗಳು ಆಗಲೇ ಜೀಪು ಹತ್ತಿದ್ದರು.

ಮಾರನೆಯ ದಿನ ನಾವು ಕೆಲಸಕ್ಕೆ ಹೋದೆವು. ಮಿಷನ್ನಿನ ಮುಂದೆ ಕೂತೆವು. ಕೈ ಮಡಿಲಲ್ಲಿ. ಮೇಸ್ತ್ರಿ ಬೈದ. ತಾಯಿಯನ್ನು ಬೈದ, ಹುಟ್ಟನ್ನು ಬೈದ. ನಾವು ಕೆಮ್ಮಿದೆವು. ಕೆಮ್ಮು ಬೇಕೆಂದೇ ಅಲ್ಲ, ಅದೇ ಬರುತ್ತಿತ್ತು. ಧೂಳು ಎಳೆದು ಹೊರಗೆ ಹಾಕುವ ಕೊಳವೆ ಹಾಕಿಸುವ ತನಕ ಬಟ್ಟೆ ಮುಟ್ಟುವುದಿಲ್ಲ ಎಂದೆವು. ಮಾಲೀಕ ಬಾಗಿಲು ಹಾಕಿದ. ಓಣಿಯಲ್ಲಿ ಒಲೆಗಳು ಒಂದೊಂದಾಗಿ ಆರಿದವು. ಒಂದು ಮನೆಯ ಗಂಜಿ ನಾಲ್ಕು ಮನೆಗೆ ಆಯಿತು. ಇಬ್ಬರು ಬೇರೆ ಕಡೆ ಕೆಲಸ ಹುಡುಕಿ ಹೋದರು, ಅವರನ್ನು ಬೈಯಲಿಲ್ಲ. ಸರ್ಕಾರಿ ಆಸ್ಪತ್ರೆಯ ಸಿಡುಕು ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ, ತನಗಿಂತ ಮೇಲಿನವರಿಗೆ ಬರೆದರಂತೆ. ಅದಕ್ಕೋ, ದಿಂಬಿನ ದೊಡ್ಡ ಆರ್ಡರು ಕಾಯುತ್ತಿತ್ತೆಂದೋ, ಕೊನೆಗೆ ಬಾಗಿಲು ತೆರೆಯಿತು. ಮಿಷನ್ನಿನ ಬಾಯಿಗೆ ತಗಡಿನ ದಪ್ಪ ಕೊಳವೆ ಬಂತು. ಎದೆ ಕೆಟ್ಟವರನ್ನು ಹೊಲಿಗೆಗೆ ಹಾಕಿದರು. ಜಿಪ್ಪಕ್ಕನನ್ನು ಮಾತ್ರ ಒಳಗೆ ಬಿಡಲಿಲ್ಲ. ಒಬ್ಬರನ್ನಾದರೂ ಹೊರಗೆ ಹಾಕದಿದ್ದರೆ ಮಾಲೀಕನ ಮರ್ಯಾದೆ ಉಳಿಯುವುದು ಹೇಗೆ? ಅವಳು ಈಗ ಬಸ್ ನಿಲ್ದಾಣದಲ್ಲಿ ಕೂತು ಜನರ ಬ್ಯಾಗಿನ ಜಿಪ್ಪು ರಿಪೇರಿ ಮಾಡುತ್ತಾಳೆ.

ನಾನು ಹೊಲಿಗೆಗೆ ಬಂದ ವಾರವೇ ಡಾಕ್ಟರಮ್ಮ ನಮ್ಮ ಕೋಣೆಗೆ ಬಂದರು. ಸೊರಗಿದ್ದರು. ಕೂತುಕೊಳ್ಳಿ ಎಂದೆ.

"ನೀವು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ" ಎಂದರು. "ಆದ್ರೆ ನೀವು ಮಿಷನ್ ಕೋಣೆಯಿಂದ ಹೊರಗೆ ಬಂದಿರೋದ್ರಿಂದ ಅಧ್ಯಯನದಲ್ಲಿ ಮುಂದುವರೆಸೋಕೆ ಆಗಲ್ಲ. ನಮಗೆ ಧೂಳಿನಲ್ಲೇ ಇರೋರು ಬೇಕು. ಮಧ್ಯದಲ್ಲಿ ಬದಲಾದ್ರೆ ಗೆರೆ ಕೆಡುತ್ತೆ."

"ಕೆಡಲಿ ಬಿಡಿ."

"ಇಷ್ಟು ವರ್ಷದ ಶ್ರಮ."

"ಯಾರದು?"

ಅವರು ನನ್ನ ಮುಖ ನೋಡಿದರು. ಕೆಟ್ಟ ಹೆಂಗಸಲ್ಲ. ಅದೇ ನನಗೆ ಇವತ್ತಿಗೂ ಸಿಟ್ಟು. ಕೆಟ್ಟವಳಾಗಿದ್ದರೆ ಸುಲಭವಿತ್ತು. "ನಾನು ಹೇಳಿದ್ರೆ ಮಾಲೀಕರು ನಮ್ಮನ್ನ ಹೊರಗೆ ಹಾಕ್ತಿದ್ರು. ಆಗ ನಿಮ್ಮ ಬಗ್ಗೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ" ಎಂದರು.

"ನಮಗೆ ಗೊತ್ತಾಗ್ತಿತ್ತು" ಎಂದೆ.

ಅಧ್ಯಯನ ಈಗ ಊರಿನ ಆಚೆ ಬದಿಯ ಕಂಬಳಿ ಕಾರ್ಖಾನೆಯಲ್ಲಿ ನಡೆಯುತ್ತಿದೆ. ಅಲ್ಲೂ ಎಲ್ಲ ಬಗೆಯ ಜನರಿದ್ದಾರೆ. ಫೋನ್ ತಂಗಿಯನ್ನು ಕೆಲಸದಿಂದ ತೆಗೆದರು. ಅವಳು ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ವಾರದ ರಜೆಯ ದಿನ ನಮ್ಮ ಮನೆಗೆ ಬರುತ್ತಾಳೆ. ಇಬ್ಬರೂ ಬಸ್ಸು ಹತ್ತಿ ಕಂಬಳಿ ಕಾರ್ಖಾನೆಯ ಗೇಟಿಗೆ ಹೋಗುತ್ತೇವೆ. ಅವರಿಗೆ ಆ ದಿನ ರಜೆ ಇಲ್ಲ. ಹೆಂಗಸರು ಒಳಗೆ ಹೋಗುವ ಹೊತ್ತಿಗೆ ಬದಿಯಲ್ಲಿ ನಿಂತು ಹೇಳುತ್ತೇವೆ. ಊದೋ ಮುಂಚೆ ಪರದೆ ತಿರುಗಿಸೋಕೆ ಹೇಳಿ. ಎಷ್ಟು ಬಂತು ಕೇಳಿ. ಕಾವಲುಗಾರ ಓಡಿಸುತ್ತಾನೆ. ರಸ್ತೆಯ ಆ ಬದಿಗೆ ಹೋಗಿ ನಿಲ್ಲುತ್ತೇವೆ. ಹೆಚ್ಚಿನವರು ನಿಲ್ಲುವುದಿಲ್ಲ. ಏನೋ ಮಾರಲು ಬಂದವರು ಎಂದು ಮುಖ ತಿರುಗಿಸಿ ಹೋಗುತ್ತಾರೆ.

ಹೋದ ವಾರ ಒಬ್ಬಳು ನಿಂತಳು. ಚಿಕ್ಕ ವಯಸ್ಸು. ಹುಬ್ಬಿನ ಮೇಲೆ ಬಿಳಿ ಉಣ್ಣೆಯ ಎಳೆಗಳು ಕೂತಿದ್ದವು.

"ಕೇಳಿದ್ರೆ ಛತ್ರಿ ಕೊಡಲ್ವಾ?" ಎಂದಳು. "ತಪ್ಪಿಸದೆ ಬಂದವರಿಗೆ ಛತ್ರಿ ಕೊಡ್ತಾರಂತೆ."

"ಗೊತ್ತಿಲ್ಲಮ್ಮ. ಕೊಡದೇನೂ ಇರಬಹುದು" ಎಂದೆ.

ಅವಳು ಯೋಚನೆ ಮಾಡಿದಳು. ಒಳಗೆ ಗಂಟೆ ಹೊಡೆಯಿತು.

"ಆದ್ರೂ ಕೇಳು" ಎಂದೆ.